ಗುಡುಗಿಗೆ ಎಳೆದ ವಯರು

ಬೆಳ್ತಂಗಡಿಯ ರಕ್ತಪರೀಕ್ಷಾ ಕೇಂದ್ರದ ಮೆಟ್ಟಿಲು ಹತ್ತುವಾಗ ಚಿದಾನಂದ ಒಂದೊಂದರ ಮೇಲೂ ತಡೆದು ನಿಂತನು. ಎರಡು ದಿನಗಳ ಹಿಂದೆ ಅದೇ ಮೆಟ್ಟಿಲನ್ನು ಅವನು ಬಹಳ ಗತ್ತಿನಿಂದ ಇಳಿದುಹೋಗಿದ್ದನು.

ಮೂಡುಬಿದಿರೆಯ ಪುಟ್ಟ ಕಚೇರಿಯೊಂದರಲ್ಲಿ ಕುಳಿತು, ಬೇರೆ ಬೇರೆ ಊರಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು ಅವನ ಉದ್ಯೋಗ. ಈ ಕೇಂದ್ರದ ವರದಿಗಳು ಬಂಟ್ವಾಳದ ಆಸ್ಪತ್ರೆಯೊಂದಕ್ಕೆ ತಾವಾಗಿ ತಲುಪುವ ಏರ್ಪಾಡು ಅವನದೇ. ಕೆಲಸ ಎರಡು: ವರದಿಯನ್ನು ಆಸ್ಪತ್ರೆಯ ಕಡತದಲ್ಲಿ ಬರೆಯುವುದು, ಕೇಂದ್ರದ ಬಾಕಿ ಪಟ್ಟಿಯಿಂದ ಆ ಹೆಸರನ್ನು ತೆಗೆಯುವುದು. ಎರಡೂ ಮುಗಿದ ಮೇಲೆಯೇ ‘ಕಮಿಟ್’ ಎಂದು ಮುದ್ರೆ ಒತ್ತಬೇಕು. ನಡುವೆ ಎಡವಿದರೆ ‘ರೋಲ್‌ಬ್ಯಾಕ್’ ಎಂದು ಎಲ್ಲವನ್ನೂ ಮೊದಲಿದ್ದಂತೆ ಇಡಬೇಕು. ಅವನಿಗೆ ತಿಳಿಯದ ವಿಷಯವಲ್ಲ. ಆದರೆ ಕೇಂದ್ರದ ಯಜಮಾನರಾದ ಹರಿಪ್ರಸಾದರಿಗೆ ಮೊದಲ ಸಲ ತೋರಿಸುವ ದಿನ, ಪಟ್ಟಿ ಸರಸರನೆ ಖಾಲಿಯಾದರೆ ಚೆನ್ನಾಗಿ ಕಾಣುತ್ತದೆಂದು, ಹೆಸರು ತೆಗೆದೊಡನೆ ಮುದ್ರೆ ಒತ್ತುವಂತೆ ಬರೆದನು. ಕಳುಹಿಸುವುದು ಆಮೇಲೆ. ಹರಿಪ್ರಸಾದರು ಬೆನ್ನು ತಟ್ಟಿದರು, ತಿದ್ದುವುದು ಮರೆತೇಹೋಯಿತು.

ಶಾಲೆಯಲ್ಲಿಯೂ ಅವನು ಹೀಗೆಯೇ. ಕರಿಹಲಗೆ ಒರೆಸುವ ಪಾಳಿ ಬಂದರೆ, ಹಿಂದಿನ ಬೆಂಚಿನವರು ಬರೆದು ಮುಗಿಸುವ ಮೊದಲೇ ಒರೆಸಿ, ಕೈಯ ಸೀಮೆಸುಣ್ಣ ಕೊಡವಿ, ಹೆಮ್ಮೆಯಿಂದ ನಿಲ್ಲುತ್ತಿದ್ದನು.

ಮೇ ತಿಂಗಳಲ್ಲಿ ಸಂಜೆಯ ಸಿಡಿಲು ಶುರುವಾಯಿತು. ಗುಡುಗು ಕೇಳಿದೊಡನೆ ಇಂಟರ್ನೆಟ್ಟಿನ ಮೊಡೆಮ್ ಸುಟ್ಟುಹೋಗದಿರಲೆಂದು ಅದರ ವಯರು ಎಳೆದಿಡುವುದು ಇಲ್ಲಿ ಪ್ರತಿ ಮನೆಯ ಅಭ್ಯಾಸ. ಕೇಂದ್ರದಲ್ಲಿ ಆ ಕೆಲಸ ರಕ್ತ ತೆಗೆಯುವ ಹಫ್ಸಳದು. ಅವಳು ಎಳೆದಾಗಲೆಲ್ಲ ದಾರಿಯಲ್ಲಿದ್ದ ವರದಿ ಆಸ್ಪತ್ರೆಗೂ ತಲುಪಲಿಲ್ಲ, ಪಟ್ಟಿಯಲ್ಲಿಯೂ ಉಳಿಯಲಿಲ್ಲ. ಚಾರ್ಮಾಡಿಯ ಹುಕ್ರಪ್ಪ ತಮ್ಮ ವರದಿಗಾಗಿ ಎರಡು ಸಲ ಬಂಟ್ವಾಳಕ್ಕೆ ಹೋಗಿ ಬರಿಗೈಯಲ್ಲಿ ಮರಳಿದಾಗ ಗಲಾಟೆಯಾಯಿತು.

“ನಾನು ಬರೆದದ್ದರಲ್ಲಿ ತಪ್ಪಿಲ್ಲ ಸರ್. ಇವರು ಮಧ್ಯದಲ್ಲಿ ವಯರ್ ಎಳೆದರೆ ನಾನೇನು ಮಾಡುವುದು?” ಎಂದು ಗುರುವಾರ ಕೇಂದ್ರಕ್ಕೆ ಬಂದು ಹೇಳಿದ್ದನು ಚಿದಾನಂದ.

ಹರಿಪ್ರಸಾದರು ಹಫ್ಸಳಿಗೆ, “ಸೋಮವಾರದಿಂದ ನೀನು ಬರುವುದು ಬೇಡಮ್ಮ” ಎಂದುಬಿಟ್ಟರು.

ಅಂದು ಸಂಜೆ ಮನೆಯಲ್ಲಿ ಗುಡುಗಿತು. ತಾಯಿ ಪದ್ಮಾಕ್ಷಿ ಒಳಗಿನಿಂದ ಕೂಗುವ ಮೊದಲೇ ಚಿದಾನಂದ ಎದ್ದು ವಯರು ಎಳೆದಿದ್ದನು. ಅದು ಕೈಯಲ್ಲಿರುವಾಗಲೇ, ಹಫ್ಸ ಮಾಡಿದ್ದೂ ಇಷ್ಟೇ ಅಲ್ಲವೇ ಎಂದು ಹೊಳೆಯಿತು. ಬರೆದದ್ದನ್ನು ತೆರೆದು ನೋಡಿದನು. ತಪ್ಪು ಅಲ್ಲಿಯೇ ಇತ್ತು. ಸದ್ದಿಲ್ಲದೆ ತಿದ್ದಿದನು. ಯಾರಿಗೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ.

ಇಂದು ಶನಿವಾರ. ಒಳಗೆ ಹುಕ್ರಪ್ಪ ತೋಳು ಚಾಚಿ ಕುಳಿತಿದ್ದರು. ಹಫ್ಸ ಮತ್ತೊಮ್ಮೆ ರಕ್ತ ತೆಗೆಯುತ್ತಿದ್ದಳು.

“ಇದೂ ದಾರಿಯಲ್ಲಿ ಕಾಣೆಯಾದರೆ ನನ್ನಲ್ಲಿ ಇನ್ನು ಸ್ಟಾಕ್ ಇಲ್ಲ ಮಾರಾಯ್ತಿ!” ಎಂದರು ಹುಕ್ರಪ್ಪ.

ಹಫ್ಸ ನಗಲಿಲ್ಲ.

ಚಿದಾನಂದ ಹರಿಪ್ರಸಾದರ ಎದುರು ನಿಂತು, ನೆಲ ನೋಡುತ್ತ ಹೇಳಿದನು: “ತಪ್ಪು ನನ್ನದು ಸರ್. ವಯರ್ ಎಳೆದರೂ ಹೆಸರು ಪಟ್ಟಿಯಲ್ಲೇ ಉಳಿಯಬೇಕಿತ್ತು. ನಾನು ಮೊದಲೇ ಅಳಿಸುವ ಹಾಗೆ ಬರೆದಿದ್ದೆ. ಇವರದ್ದು ಏನೂ ಇಲ್ಲ.”

ಹರಿಪ್ರಸಾದರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಫ್ಸ ಹುಕ್ರಪ್ಪನವರ ತೋಳಿಗೆ ಹತ್ತಿ ಒತ್ತಿ, ತಿರುಗದೆಯೇ ಕೇಳಿದಳು.

“ನಿಮಗೆ ಯಾವಾಗ ಗೊತ್ತಾದದ್ದು?”

“ಮೊನ್ನೆ ಸಂಜೆಯೇ.”

“ನನ್ನಿಂದಲೇ ತಪ್ಪಾಯಿತು ಅಂತ ನಾನು ಮನೆಯಲ್ಲಿ ಉಮ್ಮನ ಹತ್ತಿರ ಹೇಳಿ ಆಯಿತು. ಎರಡು ದಿನ ಅವರು ಸರಿ ಊಟ ಮಾಡಲಿಲ್ಲ.”

ಹುಕ್ರಪ್ಪನವರು ಹತ್ತಿಯನ್ನು ತಾವೇ ಹಿಡಿದುಕೊಂಡು ತೋಳು ಮಡಚಿದರು.

“ಸೋಮವಾರ ಬಾಮ್ಮ. ನಾನೂ ವಿಚಾರಿಸದೆ ಹೇಳಿದೆ” ಎಂದರು ಹರಿಪ್ರಸಾದರು.

ಅಷ್ಟರಲ್ಲಿ ಚಾರ್ಮಾಡಿಯ ಕಡೆಯಿಂದ ಗುಡುಗು ಉರುಳಿತು. ಹಫ್ಸಳ ಕೈ ವಯರಿನತ್ತ ಹೋಗಿ, ಅರ್ಧದಲ್ಲಿ ನಿಂತಿತು. ಆರು ವರ್ಷಗಳಿಂದ ಯಾರನ್ನೂ ಕೇಳದೆ ಮಾಡುತ್ತಿದ್ದ ಕೆಲಸಕ್ಕೆ ಅವಳು ಇಂದು ಚಿದಾನಂದನ ಮುಖ ನೋಡಿದಳು.

“ಎಳೆಯಬಹುದಾ ಸರ್?”

ಚಿದಾನಂದ ಹೌದೆಂದು ತಲೆಯಾಡಿಸಿದನು. ಅವಳು ಎಳೆದಳು. ಪರದೆಯ ಮೇಲೆ ಬಾಕಿ ಇದ್ದ ಏಳು ಹೆಸರುಗಳೂ ಕದಲದೆ ನಿಂತವು. ಅವಳು ಒಂದೊಂದನ್ನೂ ಬೆರಳಿಟ್ಟು ನೋಡಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಳು. ಇನ್ನು ಅವನ ಮಾತನ್ನಷ್ಟೇ ನಂಬಿ ಕೂರುವ ಹಾಗಿರಲಿಲ್ಲ. ಅವನು ಪಕ್ಕದಲ್ಲಿಯೇ ನಿಂತು, ಆ ಚೀಟಿ ತುಂಬುವವರೆಗೂ ನೋಡಿದನು.