ಮ್ಯಾನೇಜರ್ ಮನೆಗೆ ಹೋಗದ ನೋಟಿಸು

ಕಡಿಮೆ ಬಾಡಿಗೆಯ ನಲವತ್ತು ಮನೆಗಳಿದ್ದ ಆ ಕಟ್ಟಡದ ಮ್ಯಾನೇಜರನ್ನು ಎಲ್ಲರೂ ರೂಲ್ಸ್ ಮಾವ ಎನ್ನುತ್ತಿದ್ದರು. ಯಾರ ಮನೆಯ ನಲ್ಲಿ ರಿಪೇರಿಗೆ ಕಾಲಿಡಬೇಕಾದರೂ ನಿಯಮದಂತೆ ಹಿಂದಿನ ದಿನವೇ ಬಾಗಿಲಿಗೆ ನೋಟಿಸು ಅಂಟಿಸುವವರು. ವಾರ್ಷಿಕ ತಪಾಸಣೆಯ ದಿನವಂತೂ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫೇಲಾದರೆ ಸರ್ಕಾರದ ನೆರವು ನಿಂತು ಎಲ್ಲರ ಬಾಡಿಗೆ ದುಪ್ಪಟ್ಟಾಗುತ್ತಿತ್ತು. ಬಗಲಲ್ಲಿ ಮೂರು ಫೈಲು, ಮುಖದಲ್ಲಿ ಇಡೀ ಕಟ್ಟಡವನ್ನು ತಾವೇ ಹೊತ್ತು ನಿಂತಂಥ ಗತ್ತು.

ಮೂರು ಮಹಡಿ ಸಲೀಸಾಗಿ ಮುಗಿದವು. ಪರೀಕ್ಷೆಗೆಂದು ಗುಂಡಿ ಒತ್ತಿದೊಡನೆ ಹೊಗೆಯ ಅಲಾರಾಂಗಳು ಕಿವಿಗಡಚಿಕ್ಕುವಂತೆ ಕಿರುಚಿದಾಗ ಮಾವನಿಗೆ ಸಂಗೀತ ಕೇಳಿದಷ್ಟು ಖುಷಿ. ಅಷ್ಟರಲ್ಲಿ ತಪಾಸಣೆಗೆ ಬಂದ ಮೇಡಂ, "ಕೊನೇದಾಗಿ ಈ ಮನೆ ನೋಡ್ಬಿಡೋಣ" ಎಂದು ಬೆರಳು ತೋರಿಸಿದ್ದು ಮಾವ ತಾವೇ ವಾಸವಿದ್ದ ಮನೆಯತ್ತ.

ಬಾಗಿಲು ತೆಗೆದ ಹೆಂಡತಿ ಹೊಸ್ತಿಲಲ್ಲೇ ಅಡ್ಡ ನಿಂತರು. "ನೋಟಿಸೆಲ್ಲಿ?"

"ಲೇ, ನಾನು ಕಣೇ!"

"ನೀವಾದ್ರೇನು? ಮೂವತ್ತೊಂಬತ್ತು ಮನೆಗೆ ಅಂಟಿಸಿದ್ರಿ, ನಮ್ಮನೆ ಬಿಟ್ರಿ. ಬಾಡಿಗೆ ಕರಾರು ನನ್ನ ಹೆಸರಲ್ಲಿದೆ. ಒಳಗೆ ಬಟ್ಟೆ ರಾಶಿ ಬಿದ್ದಿದೆ, ನಾಳೆ ಬನ್ನಿ."

ಮಾವ ಗಡಿಬಿಡಿಯಲ್ಲಿ ಮೂರೂ ಫೈಲು ತಿರುವಿಹಾಕಿದರು. ಮೇಡಂ ಮಾತ್ರ ನಗು ತಡೆಯಲಾರದೆ, ಅದರ ಬದಲು ಪಕ್ಕದ ಮನೆಯನ್ನು ನೋಡಿ ಬಂದು ಸಹಿ ಹಾಕಿದರು. "ಪಾಸು! ಮ್ಯಾನೇಜರನ್ನೇ ಹೊರಗೆ ನಿಲ್ಲಿಸೋಷ್ಟು ಇಲ್ಲಿಯವ್ರಿಗೆ ರೂಲ್ಸ್ ಗೊತ್ತಿದೆ. ಇನ್ನೇನು ಬೇಕು?"

ಮೆಟ್ಟಿಲ ತುಂಬ ಕಾದಿದ್ದ ಬಾಡಿಗೆದಾರರು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಮಾವ ಎದೆಯುಬ್ಬಿಸಿ, "ಅವಳಿಗೆ ಟ್ರೈನಿಂಗ್ ಕೊಟ್ಟಿದ್ದೇ ನಾನು!" ಎಂದರು, ಬಾಗಿಲ ಹೊರಗೇ ನಿಂತು.