ಫ್ಲಾಪಿ ಹಿಡಿದು ಅತ್ತಿಬೆಲೆಗೆ

ಶನಿವಾರ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಜಾಲಹಳ್ಳಿ ಕ್ರಾಸಿನಲ್ಲಿ ಮಾರ್ಕೆಟ್ ಬಸ್ಸು ಹತ್ತಿದೆ. ರಾತ್ರಿ ಮಳೆಯಾಗಿ ರಸ್ತೆ ಒದ್ದೆಯಾಗಿತ್ತು. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರೆಲ್ಲ ನನ್ನ ಎದುರು ದಿಕ್ಕಿನಿಂದ ಬರುತ್ತಿದ್ದರು. ಉಳಿದ ದಿನಗಳಲ್ಲಿ ನಾನೂ ಅವರಲ್ಲಿ ಒಬ್ಬಳು. ಅಚ್ಚುಗಳನ್ನು ತಯಾರಿಸುವ ಸಣ್ಣದೊಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ಮೇಲೆ ನಕ್ಷೆ ಬರೆಯುವುದು ನನ್ನ ಕೆಲಸ. ಅಂದು ರಜೆ ಹಾಕಿದ್ದೆ. ಹೆಗಲಿನ ಚೀಲದಲ್ಲಿ ಅತ್ತಿಗೆ ಕಟ್ಟಿಕೊಟ್ಟ ಮೆಂತ್ಯದ ರೊಟ್ಟಿ, ಶೇಂಗಾ ಚಟ್ನಿ, ಒಂದು ಛತ್ರಿ, ಹಪ್ಪಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಎರಡು ಫ್ಲಾಪಿಗಳಿದ್ದವು. ಫ್ಲಾಪಿಗಳಲ್ಲಿ ನಾನು ಬರೆದ ಕಥೆಯಿತ್ತು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಎರಡು ಪ್ರತಿ ಮಾಡಿ, ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದೆ. ಆ ಜಾಣತನ ನನಗೆ ಹೊಳೆದದ್ದು ಯಶವಂತಪುರ ದಾಟಿದ ಮೇಲೆ.

ಒಂದು ಕಥೆಗಾಗಿ ಊರಿನ ಈ ತುದಿಯಿಂದ ಆ ತುದಿಗೆ ಹೋಗುವುದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಒಂದು ವಾರಪತ್ರಿಕೆಯ ದೀಪಾವಳಿ ಸ್ಪರ್ಧೆಗೆ ಕಥೆ ಕಳಿಸಿದ್ದೆ. ಅದು ಒಂದು ಚೀಟಿಯ ಸಮೇತ ವಾಪಸು ಬಂತು. 'ನಿಮ್ಮ ಕೈಬರಹ ಓದಲಾಗುತ್ತಿಲ್ಲ. ದಯವಿಟ್ಟು ಟೈಪ್ ಮಾಡಿಸಿ ಕಳಿಸಿ.' ಕಥೆ ಚೆನ್ನಾಗಿಲ್ಲ ಎಂದಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ, ಅದನ್ನು ಯಾರೂ ಓದಿಯೇ ಇರಲಿಲ್ಲ. ಮರುವರ್ಷ ಕಂಪ್ಯೂಟರ್ ಮೇಳವೊಂದರಲ್ಲಿ ಕನ್ನಡ ತಂತ್ರಾಂಶದ ಉಚಿತ ಪ್ರತಿ ಸಿಕ್ಕಿತು. ಕಾರ್ಖಾನೆಯ ಮಾಲೀಕರನ್ನು ಕೇಳಿಕೊಂಡು, ಊಟದ ಬಿಡುವಿನಲ್ಲಿ ಎರಡು ತಿಂಗಳು ಕೂತು ಕಥೆಯನ್ನು ಟೈಪ್ ಮಾಡಿದೆ. ಮುಗಿಸಿ ಪ್ರಿಂಟ್ ಒತ್ತಿದಾಗ ತಿಳಿಯಿತು, ಉಚಿತ ಪ್ರತಿಯಲ್ಲಿ ಬರೆಯಬಹುದು, ಓದಬಹುದು, ಮುದ್ರಿಸಲು ಮಾತ್ರ ಬರುವುದಿಲ್ಲ! ಅತ್ತಿಬೆಲೆಯಲ್ಲಿ ಲತಾ ಇದ್ದಳು. ಕಂಪ್ಯೂಟರ್ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಈಗ ತನ್ನೂರಿನಲ್ಲಿ ಲಗ್ನಪತ್ರಿಕೆ, ಕರಪತ್ರಗಳ ಡಿಟಿಪಿ ಅಂಗಡಿ ಇಟ್ಟಿದ್ದಳು. ಫೋನು ಮಾಡಿದರೆ, "ಫ್ಲಾಪಿ ತಗೊಂಡ್ ಬಾರೇ ಉಮಾ, ಐದ್ ನಿಮಿಷದ ಕೆಲ್ಸ" ಎಂದಳು. ಕಥೆ ತಲುಪಿಸಲು ಕೊನೆಯ ದಿನ ಆ ಶನಿವಾರವೇ. ಸಂಜೆ ಐದಕ್ಕೆ ಪತ್ರಿಕೆಯ ಕಚೇರಿ ಮುಚ್ಚುತ್ತಿತ್ತು.

ಮಾರ್ಕೆಟ್ಟಿಗೆ ಬಂದಾಗ ಎಂಟು ದಾಟಿತ್ತು. ಅತ್ತಿಬೆಲೆಯ ಖಾಸಗಿ ಬಸ್ಸು ಹೊರಡುವುದರಲ್ಲಿತ್ತು. ಎಂಟು ರೂಪಾಯಿಯ ಟಿಕೆಟ್ಟು, ಕಿಟಕಿಯ ಪಕ್ಕದ ಸೀಟು. ಚೀಲವನ್ನು ಕಾಲ ಬಳಿ ಇಟ್ಟು ಕೂತೆ. ಹಿಂದಿನ ಸೀಟಿನಲ್ಲಿ ಐವತ್ತರ ಆಸುಪಾಸಿನ ಗಟ್ಟಿಮುಟ್ಟು ಮನುಷ್ಯರೊಬ್ಬರು ಉಸ್ಸಪ್ಪಾ ಎನ್ನುತ್ತ ಕೂತು, ಗೋಣಿಯಲ್ಲಿ ಸುತ್ತಿದ ಭಾರದ್ದೇನನ್ನೋ ನನ್ನ ಸೀಟಿನ ಕೆಳಗೆ ತಳ್ಳಿದರು. ಬಗ್ಗಿ ನೋಡಿದೆ. ಗೋಣಿಯ ಬಾಯಿಂದ ದೊಡ್ಡ ಸ್ಪೀಕರಿನ ಹಿಂಭಾಗ ಕಾಣುತ್ತಿತ್ತು. ಅಂಗೈಯಗಲದ ದುಂಡು ಅಯಸ್ಕಾಂತ, ನನ್ನ ಚೀಲಕ್ಕೆ ನಾಲ್ಕು ಬೆರಳು ದೂರದಲ್ಲಿ. ಅಯಸ್ಕಾಂತ ಹತ್ತಿರ ಬಂದರೆ ಫ್ಲಾಪಿಯಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ತರಗತಿಯ ಮೊದಲ ದಿನವೇ ಹೇಳಿಕೊಟ್ಟಿದ್ದರು. ಚೀಲವನ್ನು ಕಿತ್ತುಕೊಂಡು ಎದ್ದು ನಿಂತೆ.

"ಯಾಕಮ್ಮ ಅಂಗೆ ಎದ್ಬಿಟ್ಟೆ? ನಾನೇನ್ ಮಾಡ್ದೆ?" ಎಂದರು ಅವರು, ನೊಂದ ದನಿಯಲ್ಲಿ. ಬಸ್ಸಿನಲ್ಲಿ ನಾಲ್ಕು ತಲೆಗಳು ಅವರತ್ತ ತಿರುಗಿದ್ದವು.

"ನೀವೇನೂ ಮಾಡಿಲ್ಲ ಅಣ್ಣ. ನಿಮ್ ಸ್ಪೀಕರ್ ನನ್ ಕಥೇನ ಅಳಿಸಿಬಿಡತ್ತೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಡಬ್ಬಿ ತೆಗೆದು ಫ್ಲಾಪಿ ತೋರಿಸಿ ವಿವರಿಸಿದೆ. ಅವರು ಅದನ್ನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು, ಕತ್ತು ಚಾಚಿ ನೋಡಿದರು.

"ಇಷ್ಟಗಲದಾಗೆ ಒಂದು ಪೂರಾ ಕತೆ ಐತಾ?"

"ಇಂಥಾ ನೂರು ಕಥೆ ಹಿಡಿಯತ್ತೆ."

"ನೂರು ಬ್ಯಾಡ, ಒಂದು ನೆಟ್ಟಗಿದ್ರೆ ಸಾಕು" ಎನ್ನುತ್ತ ಸ್ಪೀಕರನ್ನು ಎರಡೂ ಕೈಯಿಂದ ಎತ್ತಿಕೊಂಡು ಹೋಗಿ ಬಸ್ಸಿನ ಕೊನೆಯ ಸೀಟಿನ ಬಳಿ ಇಟ್ಟು ಬಂದರು. ಹೆಸರು ಮುನಿರಾಜಣ್ಣ. ಅತ್ತಿಬೆಲೆಯಲ್ಲಿ ಮೈಕ್ ಸೆಟ್ಟು, ಶಾಮಿಯಾನ ಬಾಡಿಗೆಗೆ ಕೊಡುವವರು. ಸ್ಪೀಕರ್ ರಿಪೇರಿಗೆ ಬಂದಿದ್ದರಂತೆ.

ಮಡಿವಾಳದಲ್ಲಿ ಹುಡುಗಿಯೊಬ್ಬಳು ಹತ್ತಿ ನನ್ನ ಪಕ್ಕ ಕೂತಳು. ಗದಗದ ಕಡೆಯ ಶಾಂತವ್ವ, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವ ಕೆಲಸ. ಅವಳು ಇಳಿಯುವ ಜಾಗಕ್ಕೆ ಇನ್ನೊಂದು ಕಿಲೋಮೀಟರ್ ಇರುವಾಗ ಬಸ್ಸು ನಿಂತಿತು. ಮುಂದೆ ಇಟ್ಟಿಗೆ ಲಾರಿಯೊಂದು ಆಕ್ಸಲ್ ಮುರಿದು ರಸ್ತೆಗೆ ಅಡ್ಡ ಕೂತಿತ್ತು. ಡ್ರೈವರ್ ಎಂಜಿನ್ ಆರಿಸಿ ಬೀಡಿ ಹಚ್ಚಿದ. ಬಿಸಿಲು ಬಂತು. ಕಡಲೆಕಾಯಿ ಮಾರುವವನು ಕಿಟಕಿಯಿಂದ ಕಿಟಕಿಗೆ ಓಡಾಡತೊಡಗಿದ.

"ಅದೇನ್ ಕತೆ ಏಳಮ್ಮ, ಒತ್ತು ಓಗ್ಲಿ" ಎಂದರು ಮುನಿರಾಜಣ್ಣ.

ನನ್ನ ಕಥೆಯನ್ನು ನಾನು ಅದುವರೆಗೆ ಯಾರಿಗೂ ಬಾಯಲ್ಲಿ ಹೇಳಿರಲಿಲ್ಲ. ಅತ್ತಿಗೆಗೂ ಇಲ್ಲ. ನಾಚಿಕೆಯಾದರೂ ಶುರು ಮಾಡಿದೆ. ಒಂದು ಕಾರ್ಖಾನೆಯ ಸೈರನ್ ಸುಟ್ಟುಹೋಗುತ್ತದೆ. ಸುತ್ತಲಿನ ಬೀದಿಗಳವರು ಅನ್ನಕ್ಕೆ ಎಸರಿಡುವುದೂ ಮಕ್ಕಳನ್ನು ಎಬ್ಬಿಸುವುದೂ ಆ ಸೈರನ್ ಕೇಳಿಯೇ. ಅದಕ್ಕೆ ಕಾವಲುಗಾರ ಬಸಪ್ಪ ನಾಲ್ಕು ದಿನ ಮನೆಮನೆಗೆ ಹೋಗಿ, ಆರು ಗಂಟೆ ಆಯ್ತು, ಒಂದು ಗಂಟೆ ಆಯ್ತು ಎಂದು ಹೇಳಿ, ಅವರು ಕೊಟ್ಟ ಚಹಾ ಕುಡಿದು ಬರುತ್ತಾನೆ. ಇಪ್ಪತ್ತು ವರ್ಷ ಗೇಟಿನಲ್ಲಿ ಕೂತವನನ್ನು ಮೊದಲ ಸಲ ಜನ ಹೆಸರಿಟ್ಟು ಕರೆಯುತ್ತಾರೆ. ಐದನೇ ದಿನ ಸೈರನ್ ರಿಪೇರಿಯಾಗುತ್ತದೆ. ಬಸಪ್ಪ ಮತ್ತೆ ತನ್ನ ಸ್ಟೂಲಿನ ಮೇಲೆ ಹೋಗಿ ಕೂರುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಹೇಳುತ್ತ ಹೇಳುತ್ತ ನಾನೇ ಕೈ ಆಡಿಸತೊಡಗಿದ್ದೆ. ನಿಲ್ಲಿಸಿದಾಗ ಮುಂದಿನ ಸೀಟಿನವರೂ ತಿರುಗಿ ಕೂತಿರುವುದು ಕಾಣಿಸಿತು.

"ಮುಗೀತೇನ್ರಿ?" ಎಂದಳು ಶಾಂತವ್ವ. "ಹಂಗ ಸುಮ್ನ ಹೋಗಿ ಕುಂದರ್ತಾನಂದ್ರ ಹೆಂಗ್ರೀ ಅಕ್ಕಾರ? ನಾಕ್ ದಿನ ಮಂದಿ ಮನಿಗೆ ಹೋಗ್ಯಾನ, ಚಾ ಕುಡದಾನ. ಐದನೇ ದಿನ ಯಾರೂ ಬಾಗಲದಾಗ ನಿಂತು ಅವನ ದಾರಿ ನೋಡೂದಿಲ್ಲೇನ್ರಿ?"

"ಆ ಮೌನದಲ್ಲೇ ಕಥೆಯ ಧ್ವನಿ ಇರೋದು" ಎಂದೆ, ಸ್ವಲ್ಪ ಗತ್ತಿನಿಂದ.

"ದನಿ ಯಾಪಾರ ನಂದೂ ಅದೇಯ ಕಣಮ್ಮ" ಎಂದರು ಮುನಿರಾಜಣ್ಣ. "ಈ ವುಡ್ಗಿ ಏಳೋದು ಸರಿಯಾಗೈತೆ."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಒಳಗೆ ಮಾತ್ರ ಚುರುಕ್ಕೆಂದಿತ್ತು. ಗಾರ್ಮೆಂಟ್ಸಿನ ಗೇಟು ಮುಚ್ಚಲು ಹತ್ತೇ ನಿಮಿಷ ಉಳಿಯಿತೆಂದು ಶಾಂತವ್ವ ಇಳಿದು ಓಡಿದಳು. ಓಡುವ ಮೊದಲು ಕಿಟಕಿಯ ಬಳಿ ಬಂದು, "ವಿಚಾರ ಮಾಡ್ರಿ ಅಕ್ಕಾರ, ಅಂವನ್ನ ಒಬ್ನ ಕುಂದ್ರಸಬ್ಯಾಡ್ರಿ" ಎಂದು ಕೂಗಿ ಹೋದಳು.

ದಾರಿ ಬಿಟ್ಟ ಮೇಲೆ ಬಸ್ಸು ಓಡಿತು. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು, ಅವುಗಳ ಮಗ್ಗುಲಲ್ಲೇ ರಾಗಿ ಹೊಲ, ಹೆಬ್ಬಗೋಡಿಯ ಹೂವಿನ ಬುಟ್ಟಿಗಳು, ಚಂದಾಪುರದ ಕೆರೆ ಒಂದರ ಹಿಂದೊಂದು ದಾಟಿಹೋದವು. ಕಿಟಕಿಯ ಗಾಳಿಗೆ ಸೇವಂತಿಗೆಯ ವಾಸನೆ ಬರುತ್ತಿತ್ತು. ಬಸಪ್ಪನ ಸ್ಟೂಲು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ.

ಅತ್ತಿಬೆಲೆಯಲ್ಲಿ ಇಳಿದಾಗ ಹತ್ತೂವರೆ. ಲತಾಳ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು, ಮುನಿರಾಜಣ್ಣನ ಅಂಗಡಿಯಿಂದ ಮೂರನೆಯದು. ಲತಾ ನನ್ನನ್ನು ಅಪ್ಪಿಕೊಂಡು, ಕಾಫಿ ತರಿಸಿ, ಫ್ಲಾಪಿ ಹಾಕಿದಳು. ಕಡತ ತೆರೆಯಿತು. ಪರದೆಯ ತುಂಬ ಚೌಕ, ಬಾಣ, ಡಾಲರ್ ಗುರುತು, ಪ್ರಶ್ನಾರ್ಥಕ ಚಿಹ್ನೆ. ಕನ್ನಡದ ಒಂದಕ್ಷರವೂ ಇಲ್ಲ. ಇನ್ನೊಂದು ಫ್ಲಾಪಿಯಲ್ಲೂ ಅದೇ.

"ಅಯ್ಯೋ, ನಿಂದು ಬೇರೆ ಸಾಫ್ಟ್‌ವೇರ್ ಕಣೇ" ಎಂದಳು ಲತಾ. "ಕನ್ನಡ ಅಂದ್ರೆ ಎಲ್ಲಾ ಒಂದೇ ಅಂದ್ಕೊಂಡ್ಬಿಟ್ಟೆ. ಈಗೇನ್ ಮಾಡ್ತೀಯ?"

ಹನ್ನೆರಡು ಪುಟವನ್ನು ಮತ್ತೆ ಟೈಪ್ ಮಾಡಲು ಹೊತ್ತಿರಲಿಲ್ಲ. ಕೈಯಲ್ಲಿ ಬರೆದ ಪ್ರತಿ ಮನೆಯಲ್ಲೇ ಉಳಿದಿತ್ತು. ಕುರ್ಚಿ ಎಳೆದುಕೊಂಡು ಕೂತೆ. ಆಮೇಲೆ ಪರದೆಯನ್ನೇ ದಿಟ್ಟಿಸುತ್ತಿದ್ದಾಗ ಒಂದು ಬಾಣದ ಗುರುತು ಮತ್ತೆ ಮತ್ತೆ ಬರುತ್ತಿರುವುದು ಗಮನಕ್ಕೆ ಬಂತು. ನನ್ನ ಮೊದಲ ವಾಕ್ಯ ನನಗೆ ಬಾಯಿಪಾಠವಿತ್ತು. ಬಾಣ ಇದ್ದಲ್ಲೆಲ್ಲ 'ರ' ಇರಬೇಕು! ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ನನ್ನ ತಂತ್ರಾಂಶದ ಸಂಖ್ಯೆ ಬೇರೆ, ಅವಳದರ ಸಂಖ್ಯೆ ಬೇರೆ. ಒಂದನ್ನು ತೆಗೆದು ಇನ್ನೊಂದನ್ನು ಇಡುವ ಪ್ರೋಗ್ರಾಮ್ ಬರೆದರೆ ಆಯಿತು. ನೆನಪಿದ್ದ ಸಾಲುಗಳನ್ನು ನಾನು ಹೇಳಿದಂತೆ, ಯಾವ ಗುರುತಿಗೆ ಯಾವ ಅಕ್ಷರ ಎಂದು ಲತಾ ಹಾಳೆಯ ಮೇಲೆ ಪಟ್ಟಿ ಮಾಡಿದಳು, ನಾನು ತರಗತಿಯಲ್ಲಿ ಕಲಿತ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಮಿನ ಸಾಲುಗಳನ್ನು ಕುಟ್ಟಿದೆ. ಲಗ್ನಪತ್ರಿಕೆ ಕೇಳಲು ಬಂದವರನ್ನು ಅವಳು, "ಮಧ್ಯಾಹ್ನ ಬನ್ನಿ ಸಾರ್, ಅರ್ಜೆಂಟ್ ಕೆಲ್ಸ ನಡೀತಿದೆ" ಎಂದು ಕಳಿಸಿದಳು.

ಹನ್ನೆರಡೂವರೆಗೆ ಮೊದಲ ಸಲ ಓಡಿಸಿದೆ. ಪರದೆಯ ಮೇಲೆ ಕನ್ನಡ ಮೂಡಿತು, ಆದರೆ ಒತ್ತಕ್ಷರಗಳೆಲ್ಲ ಎದ್ದು ಸಾಲಿನಲ್ಲಿ ನಿಂತಿದ್ದವು. 'ಕಾವಲುಗಾರ ಬಸಪಪ ಪೀಣಯದ ರಸತೆಯಲಲಿ...' ಲತಾ ಅದನ್ನು ಗಟ್ಟಿಯಾಗಿ ಓದಿದಳು. ಇಬ್ಬರಿಗೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಒತ್ತಕ್ಷರಕ್ಕೆ ಅವಳ ತಂತ್ರಾಂಶದಲ್ಲಿ ಬೇರೆಯೇ ಸಂಖ್ಯೆಗಳಿದ್ದವು. ಅವನ್ನೂ ಸೇರಿಸಿ, ಪ್ರೋಗ್ರಾಮನ್ನು ಉಳಿಸಿಟ್ಟು, ಇನ್ನೇನು ಮತ್ತೆ ಓಡಿಸಬೇಕು, ಕರೆಂಟು ಹೋಯಿತು.

"ಶನಿವಾರ ಕರೆಂಟ್ ತೆಗೀತಾರಲ್ವಾ, ಮರ್ತೇಬಿಟ್ಟಿದ್ದೆ, ಇನ್ನು ಮೂರು ಗಂಟೆಗೇ ಬರೋದು" ಎಂದಳು ಲತಾ. ಮೂರಕ್ಕೆ ಬಂದರೆ ಮುದ್ರಿಸಿ, ಬಸ್ಸು ಹಿಡಿದು, ಐದಕ್ಕೆ ಪತ್ರಿಕೆಯ ಕಚೇರಿ ತಲುಪುವುದು ಆಗದ ಮಾತು. ಅವಳು ಚಪ್ಪಲಿ ಮೆಟ್ಟಿ ಮುನಿರಾಜಣ್ಣನನ್ನು ಕೇಳಿಬರಲು ಓಡಿದಳು. ಮೈಕ್ ಸೆಟ್ಟಿನವರ ಬಳಿ ಜನರೇಟರ್ ಇಲ್ಲದಿರುತ್ತದೆಯೇ! ಆದರೆ ಅದು ಆನೇಕಲ್ ಹತ್ತಿರದ ಒಂದು ಮದುವೆಗೆ ಹೋಗಿತ್ತು. ಊಟದ ಪಂಕ್ತಿ ಮುಗಿದ ಕೂಡಲೇ ತರಿಸುತ್ತೇನೆ ಎಂದು ಅವರು ತಾವೇ ಟೆಂಪೋ ಹತ್ತಿ ಹೋದರಂತೆ.

ಕಾಯುವುದೊಂದೇ ಉಳಿಯಿತು. ರೊಟ್ಟಿಯನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಕೈ ತೊಳೆದು ಬಂದು, ಬೇಡವಾದ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ನಾನು ಬರೆಯತೊಡಗಿದೆ. ಐದನೇ ದಿನ ಸಂಜೆ ಸೈರನ್ ಕೂಗುತ್ತದೆ. ಬಸಪ್ಪ ಸ್ಟೂಲಿನ ಮೇಲೆ ಕೂತಿರುತ್ತಾನೆ. ಮೂರನೇ ಮನೆಯ ಹೆಂಗಸು ಲೋಟದಲ್ಲಿ ಚಹಾ ಹಿಡಿದು ಗೇಟಿಗೆ ಬರುತ್ತಾಳೆ. 'ಸೈರನ್ ಕೂಗಿದ್ದು ಕೇಳಿಸಿತು. ನೀವ್ಯಾಕೆ ಬರಲಿಲ್ಲ?' ಎಂದು ಕೇಳುತ್ತಾಳೆ. ಅಷ್ಟೇ ಐದಾರು ಸಾಲು. ಎರಡು ತಿಂಗಳು ತಿದ್ದಿದರೂ ಕೊನೆ ಏಕೋ ತಣ್ಣಗಿದೆ ಎಂದು ನನಗೇ ಅನ್ನಿಸುತ್ತಿತ್ತು, ಒಪ್ಪಿಕೊಂಡಿರಲಿಲ್ಲ. ಲತಾ ಓದಿ ಮೂಗು ಒರೆಸಿಕೊಂಡಳು.

ಒಂದೂಮುಕ್ಕಾಲಿಗೆ ಬೀದಿಯಲ್ಲಿ ಟೆಂಪೋ ಸದ್ದಾಯಿತು. ಮುನಿರಾಜಣ್ಣ ಜನರೇಟರಿನ ಜೊತೆಗೆ ಮದುವೆ ಮನೆಯ ಲಾಡು ಕೂಡ ತಂದಿದ್ದರು. "ಪಂಕ್ತಿ ಮುಗಿಯೋಗಂಟ ಬಿಡ್ಲಿಲ್ಲ ಕಣಮ್ಮ, ತಗಾ, ಶುರು ಅಚ್ಕೋ" ಎಂದರು. ಜನರೇಟರ್ ಬೀದಿಗೆಲ್ಲ ಕೇಳುವಂತೆ ಗುಡುಗಿತು. ಕಂಪ್ಯೂಟರ್ ಎದ್ದಿತು. ಪ್ರೋಗ್ರಾಮ್ ಓಡಿಸಿದೆ. 'ಕಾವಲುಗಾರ ಬಸಪ್ಪ ಪೀಣ್ಯದ ರಸ್ತೆಯಲ್ಲಿ...' ಪ್ರತಿ ಒತ್ತೂ ತನ್ನ ತನ್ನ ಜಾಗದಲ್ಲಿ ಕೂತಿತ್ತು. ನಾನು ಕುರ್ಚಿಯಿಂದ ಎದ್ದು ಕುಣಿದೆ ಎಂದು ಲತಾ ಇಂದಿಗೂ ಹೇಳುತ್ತಾಳೆ, ನನಗೆ ನೆನಪಿಲ್ಲ. ಹೊಸ ಕೊನೆಯನ್ನು ಅವಳೇ ಟಕಟಕ ಟೈಪ್ ಮಾಡಿದಳು. ಬೆಚ್ಚಗಿನ ಹಾಳೆಗಳು ಒಂದೊಂದಾಗಿ ಹೊರಬಂದವು. ಮುನಿರಾಜಣ್ಣ ಕೊನೆಯ ಹಾಳೆಯನ್ನು ಹಿಡಿದು, ತುಟಿ ಆಡಿಸುತ್ತ ನಿಧಾನ ಓದಿದರು.

"ಆ ಗಾರ್ಮೆಂಟ್ಸ್ ವುಡ್ಗಿ ಗೆದ್ಬಿಟ್ಳು" ಎಂದರು.

ಎರಡೂವರೆಯ ಬಸ್ಸು ಸಿಕ್ಕಿತು. ಜಾಗವಿರಲಿಲ್ಲ, ಚಂದಾಪುರದವರೆಗೆ ನಿಂತೇ ಬಂದೆ. ಲಕೋಟೆ ಮುದುಡದಿರಲೆಂದು ಎದೆಗೆ ಒತ್ತಿಕೊಂಡಿದ್ದೆ. ಬೊಮ್ಮನಹಳ್ಳಿಯಲ್ಲಿ ಬಸ್ಸು ನಿಂತಾಗ ಗಾರ್ಮೆಂಟ್ಸಿನ ಗೇಟುಗಳತ್ತ ಕತ್ತು ಚಾಚಿ ನೋಡಿದೆ. ಶಾಂತವ್ವ ಕಾಣಲಿಲ್ಲ, ಅವಳ ಪಾಳಿ ಇನ್ನೂ ಮುಗಿದಿರಲಿಲ್ಲ. ಅವಳ ವಿಳಾಸ ಕೇಳಿಟ್ಟುಕೊಳ್ಳಬೇಕಿತ್ತು ಎಂದು ಆಗ ಅನ್ನಿಸಿತು. ಇಂದಿಗೂ ಅನ್ನಿಸುತ್ತದೆ. ಮಾರ್ಕೆಟ್ಟಿನಿಂದ ಆಟೋ ಹಿಡಿದು ಪತ್ರಿಕೆಯ ಕಚೇರಿಯ ಮೆಟ್ಟಿಲು ಹತ್ತಿದಾಗ ಐದಕ್ಕೆ ಹನ್ನೆರಡು ನಿಮಿಷವಿತ್ತು.

ಮೇಜಿನ ಹಿಂದೆ ದಪ್ಪ ಕನ್ನಡಕದ ಹಿರಿಯರೊಬ್ಬರು ಇದ್ದರು. ಅವರ ಪಕ್ಕ ಕಥೆಗಳ ಲಕೋಟೆಗಳ ರಾಶಿಯೇ ಇತ್ತು. ಮನೆಗೆ ಹೊರಡಲು ಪೆನ್ನಿನ ಮುಚ್ಚಳ ಹಾಕಿಯಾಗಿತ್ತು. "ಇಟ್ಟು ಹೋಗಮ್ಮ" ಎಂದರು.

"ಪುಸ್ತಕದಲ್ಲಿ ಹೆಸರು ಬರ್ಕೊಳಿ ಸಾರ್, ತುಂಬ ದೂರದಿಂದ ಬಂದಿದೀನಿ."

"ಎಲ್ಲಿಂದ?"

"ಪೀಣ್ಯದಿಂದ. ಅತ್ತಿಬೆಲೆ ಮೇಲಿಂದ."

ಅವರು ನನ್ನನ್ನು ಒಮ್ಮೆ ವಿಚಿತ್ರವಾಗಿ ನೋಡಿ, ಪೆನ್ನಿನ ಮುಚ್ಚಳ ತೆಗೆದರು. ಶೀರ್ಷಿಕೆ ಬರೆದುಕೊಳ್ಳಲು ಲಕೋಟೆ ಬಿಚ್ಚಿ ಮೊದಲ ಹಾಳೆ ಎತ್ತಿದರು. ಬರೆದುಕೊಂಡರು. ನನ್ನ ಹೆಸರನ್ನೂ ಬರೆದರು. ಹಾಳೆಯನ್ನು ಕೆಳಗಿಡುತ್ತಾರೆ ಎಂದು ಕಾದೆ, ಇಡಲಿಲ್ಲ. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು.

ಬಹುಮಾನ ನನಗೆ ಬರಲಿಲ್ಲ. ಮೆಚ್ಚುಗೆ ಪಡೆದ ಕಥೆಗಳ ಪಟ್ಟಿಯಲ್ಲಿ ಹೆಸರಿತ್ತು, ಸಂಕ್ರಾಂತಿಯ ಹೊತ್ತಿಗೆ ಕಥೆ ಅಚ್ಚಾಯಿತು. ಅತ್ತಿಗೆ ಐದು ಪ್ರತಿ ಕೊಂಡರು. ಅದೆಲ್ಲ ಆಮೇಲಿನ ಮಾತು. ಆ ಸಂಜೆ ನಾನು "ಬರ್ತೀನಿ ಸಾರ್" ಎಂದದ್ದು ಅವರಿಗೆ ಕೇಳಿಸಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ ನೋಡಿದೆ. ಗೋಡೆಯ ಗಡಿಯಾರದಲ್ಲಿ ಐದು ದಾಟಿತ್ತು. ಅವರು ಬೆರಳಿಗೆ ನಾಲಿಗೆ ತಾಗಿಸಿ ಎರಡನೇ ಹಾಳೆ ತಿರುವಿದರು.