ಮೂರು ದಿನ ಮನೆಯಲ್ಲಿದ್ದ ವಜ್ರ

ವಜ್ರ ನಮ್ಮ ಮನೆಗೆ ಆಗಿಬರಲಿಲ್ಲ ಎಂದು ನಾನು ಹೇಳಿದ್ದು ಹಸಿ ಸುಳ್ಳು, ಶಾಲಿನಿ. ನನ್ನ ತಮ್ಮ ಗಿರೀಶನ ಜೊತೆ ಗೊತ್ತಾಗಿದ್ದ ನಿನ್ನ ಮದುವೆ ಮುರಿದದ್ದು ಆ ಸುಳ್ಳಿನಿಂದ. ಹದಿನೆಂಟು ವರ್ಷ ತುಟಿ ಬಿಚ್ಚದೆ ಕೂತಿದ್ದೆ — ನನ್ನ ಬಾಯಿಗೆ ಮಣ್ಣು ಬೀಳ!

ಸಿಕಂದರಾಬಾದಿನ ಆ ಅಂಗಡಿ ನಿನಗೂ ನೆನಪಿರುತ್ತದೆ. ನಿಶ್ಚಯದ ಉಂಗುರಕ್ಕೆ ಹೃದಯದಾಕಾರದ ವಜ್ರವೇ ಬೇಕೆಂದು ಗಿರೀಶ ಹಟ ಹಿಡಿದಿದ್ದ. ಆಫೀಸು ಬಿಟ್ಟು ಬರಲಾಗದೆ ನಮ್ಮಿಬ್ಬರನ್ನೇ ಕಳಿಸಿದ್ದ. ನೀನು ಹೈಟೆಕ್ ಸಿಟಿಯಿಂದ ನೇರ ಬಂದಿದ್ದೆ, ಕೊರಳಲ್ಲಿ ಕಂಪನಿಯ ಕಾರ್ಡು ಇನ್ನೂ ತೂಗಾಡುತ್ತಿತ್ತು. ನಾನು ಹಿರಿಯಳು, ಆರಿಸುವ ದೊಡ್ಡಸ್ತಿಕೆ ನನ್ನದು. ಎಲ್ಲಕ್ಕಿಂತ ದೊಡ್ಡ ಹರಳನ್ನು ತೋರಿಸಿ ಇದೇ ಇರಲಿ ಎಂದೆ. ನೀನು ಅದನ್ನು ಬಾಗಿಲ ಬೆಳಕಿಗೆ ಒಯ್ದು, ಆ ಕಾರ್ಡಿನ ಅಂಚಿನಿಂದ ಅರ್ಧ ಮುಚ್ಚಿ ನೋಡಿದೆ; ಆಮೇಲೆ ಇನ್ನರ್ಧ ಮುಚ್ಚಿ ನೋಡಿದೆ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇದರದು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಐತಿ. ನಡುವ ಕರೀ ನೆಳ್ಳ ಬ್ಯಾರೆ. ಈ ಸಣ್ಣ ಹರಳ ನೋಡ್ರಿ — ಎರಡೂ ಕಡೆ ಒಂದ ಸಮ ಐತಿ, ಭಾಳ ಹೊಳಿತೈತಿ."

ನಿಜವೇ ಹೇಳಿದ್ದೆ. ಆದರೆ ಅಂಗಡಿಯ ಸೇಠ್ ನನ್ನ ಮುಖ ನೋಡುತ್ತಲೇ, "ಹೀರಾ ದೇಖ್‌ನಾ ಇನ್ಕೋ ಆತಾ" ಎಂದು ನಿನ್ನತ್ತ ಕೈ ತೋರಿಸಿ ನಕ್ಕ. ವಜ್ರ ನೋಡುವುದು ಇವಳಿಗೆ ಬರುತ್ತದೆ — ಅಂದರೆ ನನಗೆ ಬರುವುದಿಲ್ಲ! ಮೈಯೆಲ್ಲ ಉರಿದುಹೋಯಿತು. ನಿನ್ನೆ ಮೊನ್ನೆ ಬಂದವಳು, ಇನ್ನೂ ಸೊಸೆಯಾಗಿಲ್ಲ, ನನಗೇ ಕಲಿಸುತ್ತಾಳೆ ಎಂದು.

ಹೊರಡುವಾಗ ಸೆರಗು ಸರಿದು ನನ್ನ ಮೊಣಕೈ ಕೆಳಗಿನ ಸುಟ್ಟ ಗಾಯ ನಿನ್ನ ಕಣ್ಣಿಗೆ ಬಿತ್ತು. ಅಂದು ಮುಂಜಾನೆ ಸನತ್‌ನಗರದ ನನ್ನ ಮನೆಯಲ್ಲಿ ಬಜ್ಜಿ ಕರಿಯುವಾಗ ಎಣ್ಣೆ ಸಿಡಿದಿತ್ತು. "ಅಯ್ಯ, ಕೈ ಸುಟ್ಟಗೊಂಡೀರೇನ್ರಿ ಅಕ್ಕಾರ?" ಎಂದು ನೀನು ಬ್ಯಾಗಿನಿಂದ ಮುಲಾಮು ತೆಗೆದು ನನ್ನ ಕೈಗಿಟ್ಟೆ.

ವಜ್ರ ಕೊಳ್ಳುವ ಮೊದಲು ಮೂರು ದಿನ ದೇವರ ಮುಂದಿಟ್ಟು, ಮನೆಗೆ ಆಗಿಬರುತ್ತದೋ ಇಲ್ಲವೋ ನೋಡುವುದು ಅವ್ವನ ಪದ್ಧತಿ. ನೀನು ಆರಿಸಿದ ಆ ಸಣ್ಣ ಹರಳನ್ನು ಅವ್ವನ ಮನೆಗೆ ಮುಟ್ಟಿಸಿದವಳು ನಾನೇ. ಮೂರನೆಯ ದಿನ ಹೋಗಿ ಕೈ ಚಾಚಿದೆ. "ನಿನ್ನೆ ಸುಟ್ಟಿತವ್ವ. ಹರಳ ತಂದ ಕೈನ ಸುಟ್ಟೈತಿ ನೋಡು. ಈ ಹರಳೂ ಆಗಿಬರಂಗಿಲ್ಲ, ಆರಿಸಿದಾಕೀನೂ ಆಗಿಬರಂಗಿಲ್ಲ."

ಅಷ್ಟೇ ಸಾಕಾಯಿತು. ಗಿರೀಶ ಎರಡು ದಿನ ಜಗಳಾಡಿದ. ಅವ್ವ ಊಟ ಬಿಟ್ಟಾಗ ಸುಮ್ಮನಾದ. ಉಪ್ಪಲ್‌ನಿಂದ ನಿನ್ನ ಅಪ್ಪ ನಿನ್ನನ್ನೂ ಕರೆದುಕೊಂಡು ಕೇಳಲು ಬಂದರು. ಅವ್ವ ನನ್ನ ಕೈ ಎಳೆದು ಗಾಯ ತೋರಿಸಿದಳು. ನೀನು ಗಾಯ ನೋಡಿದೆ, ನನ್ನ ಮುಖ ನೋಡಿದೆ. ನಿನಗೆ ಗೊತ್ತಿತ್ತು. "ನಡೀರಿ ಅಪ್ಪಾ" ಎಂದು ಎದ್ದೆ.

ಯಾಕೆ ಹೇಳಲಿಲ್ಲ? — ಎಷ್ಟೋ ವರ್ಷ ನಿನ್ನ ಮೇಲೇ ಹಲ್ಲು ಕಡಿದೆ. ಎಂಥ ಸೊಕ್ಕು ಇವಳದು ಎಂದೆ. ಹೇಳಬೇಕಾದವಳು ನಾನು — ಥೂ, ನನ್ನ ಜನ್ಮಕ್ಕಿಷ್ಟು!

ಹೋದ ವಾರ ನಮ್ಮವರದೇ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ನಿನ್ನ ಅಕ್ಕನ ಮಗಳಿಗೆ ನೋಡಿರುವ ಹುಡುಗನ ತಾಯಿಗೆ ಪಕ್ಕದವಳು ಹೇಳುತ್ತಿದ್ದಳು — "ಆ ಮನಿ ಹೆಣ್ಣ ಬ್ಯಾಡ್ರಿ. ಇವರ ಚಿಕ್ಕಮ್ಮ ಕಾಲಿಡೂ ಮೊದಲ ಬೀಗರ ಕೈ ಸುಟ್ಟಿತ್ತಂತ." ನಾನು ಹುಟ್ಟಿಸಿದ ಸುಳ್ಳು ನಿನ್ನನ್ನು ತಿಂದು ಸಾಲದೆ ಆ ಕೂಸಿಗೂ ಬಾಯಿ ಹಾಕಿತ್ತು. ನಾನು — ನಾನು ಅನ್ನ ಕಲಸುತ್ತ ಕೂತೆ.

ಇವತ್ತು ಗಿರೀಶನಿಗೆ ಎಲ್ಲ ಹೇಳಿದೆ. ಅವನು ಒಂದೇ ಮಾತು ಕೇಳಿದ: "ಆಕಿಗೆ ಗೊತ್ತಿತ್ತೇನಕ್ಕ?" ಹೂಂ ಎಂದೆ. ಚಪ್ಪಲಿ ಕೂಡ ಹಾಕಿಕೊಳ್ಳದೆ ಎದ್ದು ಹೋದ. ನಾಳೆ ಆ ಹುಡುಗನ ಮನೆಗೆ ಹೋಗುತ್ತೇನೆ; ಅವರೆದುರು ಕೈ ಚಾಚಿ ಈ ಕಲೆ ಎಂದಿನದೆಂದು ಹೇಳುತ್ತೇನೆ. ಉಗಿದರೆ ಉಗಿಯಲಿ.

ಇನ್ನೊಂದು ಉಳಿದಿದೆ, ಅದನ್ನು ಗಿರೀಶನಿಗೂ ಹೇಳಲಾಗಲಿಲ್ಲ. ನೀನು ಕೊಟ್ಟ ಮುಲಾಮು ನಾನು ಹಚ್ಚಲೇ ಇಲ್ಲ, ಶಾಲಿನಿ. ಅವ್ವನಿಗೆ ತೋರಿಸುವವರೆಗೆ ಗಾಯ ಹಸಿಯಾಗಿರಲಿ ಎಂದು.